ಬೀಡಿ ಕಟ್ಟುವ ಜಗಲಿಯಲ್ಲಿ ತಾಯಂದಿರ ಸಭೆ: ನನ್ನ ಅನುಭವ

ತಾಯಂದಿರ ಸಭೆಯನ್ನು ಅಂಗನವಾಡಿ ಕೇಂದ್ರದಲ್ಲಿ ನಡೆಸುವ ಬದಲು ಬೀಡಿ ಕಟ್ಟುವ ಮನೆಗಳ ಜಗಲಿಯಲ್ಲಿ ನಡೆಸುತ್ತೇನೆ ಎಂದು ನಾನು ಮೊದಲ ಬಾರಿಗೆ ಹೇಳಿದಾಗ, ನಮ್ಮ ತಿಂಗಳ ಸಭೆಯಲ್ಲಿ ಕುಳಿತಿದ್ದ ಕಾರ್ಯಕರ್ತೆಯರಲ್ಲಿ ನಕ್ಕವರೇ ಹೆಚ್ಚು. ಕೆಲಸ ಬಿಟ್ಟು ಬರಲೊಲ್ಲದ ಹೆಂಗಸರು ಕೆಲಸದ ನಡುವೆ ನಿಮ್ಮ ಮಾತು ಕೇಳುತ್ತಾರೆಯೇ, ಹೊಗೆಸೊಪ್ಪಿನ ಘಾಟಿನಲ್ಲಿ ಮಕ್ಕಳಿಗೆ ಪಾಠವೇ ಎಂದು ಕೇಳಿದವರಿದ್ದರು. ವರದಿಯಲ್ಲಿ ಇದನ್ನು ಹೇಗೆ ತೋರಿಸುವುದು ಎಂಬುದು ಮೇಲಿನವರ ಚಿಂತೆಯಾಗಿತ್ತು. ಅಂದು ನಕ್ಕವರಲ್ಲಿ ಮೂರು ನಾಲ್ಕು ಮಂದಿ ಈಗ ತಮ್ಮ ತಮ್ಮ ಊರಿನಲ್ಲಿ ಇದೇ ಕ್ರಮವನ್ನು ಹಿಡಿದಿದ್ದಾರೆ. ಆದ್ದರಿಂದ ಇದನ್ನು ಬರೆದಿಡುವ ಧೈರ್ಯ ಮಾಡಿದ್ದೇನೆ.

ನನ್ನ ಕೇಂದ್ರ ಇರುವುದು ಮಂಗಳೂರು ತಾಲ್ಲೂಕಿನಲ್ಲಿ, ಗುರುಪುರ ಹೊಳೆಯಿಂದ ಒಳಕ್ಕೆ ಹೋಗುವ ಗುಡ್ಡದ ಮೇಲೆ. ಮನೆಗಳು ದೂರ ದೂರ. ತೋಟದ ಏರಿ ದಾಟಿ, ತೋಡಿನ ಕಾಲುಸಂಕ ದಾಟಿ ಬರಬೇಕು. ಮಕ್ಕಳ ಮನೆಮಾತು ಹೆಚ್ಚಾಗಿ ತುಳು, ಸ್ವಲ್ಪ ಬ್ಯಾರಿ, ಮೂರು ನಾಲ್ಕು ಮನೆಗಳಲ್ಲಿ ಕೊಂಕಣಿ. ತಾಯಂದಿರಲ್ಲಿ ಮುಕ್ಕಾಲು ಪಾಲು ಬೀಡಿ ಕಟ್ಟುವವರು. ಅವರನ್ನು ತಿಂಗಳಿಗೊಮ್ಮೆ ಮಧ್ಯಾಹ್ನ ಕೇಂದ್ರಕ್ಕೆ ಕರೆದರೆ ಬರುತ್ತಿದ್ದವರು ಐದಾರು ಜನ, ಅದರಲ್ಲಿಯೂ ಪುಷ್ಟಿ ಎಂಬ ಪೌಷ್ಟಿಕ ಪುಡಿಯ ಪ್ಯಾಕೆಟ್ ಕೊಡುವ ದಿನವೇ ಸಭೆ ಇಟ್ಟುಕೊಂಡರೆ ಮಾತ್ರ. ಬಂದವರ ಕಣ್ಣು ಗಡಿಯಾರದ ಮೇಲೆಯೇ ಇರುತ್ತಿತ್ತು. ಎರಡು ಗಂಟೆ ಹೋದರೆ ನೂರು ಬೀಡಿ ಹೋಯಿತು ಎಂಬ ಲೆಕ್ಕ ಅವರದ್ದು, ಆ ಲೆಕ್ಕ ತಪ್ಪೆಂದು ನಾನು ಎಂದೂ ಹೇಳಲಾರೆ. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗಲೂ ಇದೇ ತೊಡಕು: ಗರ್ಭಿಣಿಯರು ದಿನವೂ ಗುಡ್ಡ ಹತ್ತಿ ಬಂದು ಊಟ ಮಾಡಿ ಹೋಗಬೇಕೆಂದರೆ ನಮ್ಮ ಕಡೆ ನಡೆಯುವ ಮಾತಲ್ಲ ಎಂಬುದು ಕಾರ್ಯಕರ್ತೆಯರಿಗೆಲ್ಲ ತಿಳಿದೇ ಇದೆ.

ಜಗಲಿಗೆ ಹೋಗುವ ಮೊದಲು ಬೇರೆ ದಾರಿಗಳಿಗೆ ನಾನು ಕಳೆದುಕೊಂಡ ಹಣದ ಮಾತು ಹೇಳಬೇಕು. ಮಂಗಳೂರಿನ ಪೇಟೆಯಿಂದ ಪ್ಲಾಸ್ಟಿಕ್ ಆಟಿಕೆ, ಅಕ್ಷರದ ಚಾಪೆ, ಬಣ್ಣದ ಚಾರ್ಟು ಎಂದು ಎರಡೂವರೆ ಸಾವಿರದಷ್ಟು ಸ್ವಂತ ದುಡ್ಡು ಹಾಕಿದೆ. ಅದೇ ವರ್ಷ ಕೇಂದ್ರದಲ್ಲಿ ಕೊಡುವ ಮೊಟ್ಟೆಗೆ ಸರ್ಕಾರದಿಂದ ನಮಗೆ ಸಿಗುವ ದರಕ್ಕೂ ಅಂಗಡಿಯ ದರಕ್ಕೂ ನಡುವಿನ ವ್ಯತ್ಯಾಸವನ್ನು ನಾನೇ ತುಂಬುತ್ತಿದ್ದೆ. ಅಂಗನವಾಡಿಯ ಖರ್ಚು ನೋಡಿಕೊಳ್ಳುವ ಬಾಲವಿಕಾಸ ಸಮಿತಿಯ ಖಾತೆಗೆ ಹಣ ಬರುವವರೆಗೆ ಅಂಗಡಿಯಲ್ಲಿ ಸಾಲ. ಆಟಿಕೆಗಳಲ್ಲಿ ಅರ್ಧ ಮಳೆಗಾಲದೊಳಗೆ ಮುರಿದವು, ಚಾರ್ಟುಗಳಿಗೆ ಬೂಷ್ಟು ಹಿಡಿಯಿತು. ಅನಂತರ ವಾಟ್ಸಾಪ್ ಗುಂಪು ಮಾಡಿ ದಿನಕ್ಕೊಂದು ಕಥೆಯನ್ನು ನನ್ನದೇ ಧ್ವನಿಯಲ್ಲಿ ಕಳುಹಿಸಿದೆ. ಅದರಿಂದಾದದ್ದು ಒಂದೇ: ಕಥೆ ಕೇಳುವ ನೆಪದಲ್ಲಿ ಫೋನು ಮಕ್ಕಳ ಕೈಗೆ ಹೋಯಿತು, ಕೈಗೆ ಹೋದ ಫೋನಿನಲ್ಲಿ ಅವರು ನೋಡಿದ್ದು ಬೇರೆಯೇ. ಒಂದು ತಿಂಗಳಲ್ಲಿ ತಾಯಂದಿರೇ ಕಳುಹಿಸಬೇಡಿ ಎಂದರು. ಸಭೆಗೆ ಬಂದವರಿಗೆ ಸ್ಟೀಲಿನ ಲೋಟ ಕೊಡುವ ಉಪಾಯವೂ ನಡೆಯಿತು. ಲೋಟ ಮುಗಿದ ತಿಂಗಳು ಜನವೂ ಮುಗಿದರು.

ಬೀಡಿ ಕಟ್ಟುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ನೆನೆಸಿದ ಎಲೆಯನ್ನು ಅಳತೆಯಿಟ್ಟು ಕತ್ತರಿಸುವಾಗ ಕಣ್ಣು ಕತ್ತರಿಯ ಮೇಲೆಯೇ ಇರಬೇಕು, ಆಗ ಮಾತು ಬೇಡ. ಆದರೆ ತಡ್ಪೆಯನ್ನು, ಎಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಎಲೆಗೆ ಸೊಪ್ಪು ಹಾಕಿ ಸುರುಟಿ, ನೂಲು ಸುತ್ತಿ, ತುದಿ ಮಡಚುವ ಕೆಲಸಕ್ಕೆ ಬೆರಳು ಸಾಕು. ಕಣ್ಣು, ಕಿವಿ, ಬಾಯಿ ಮೂರೂ ಬಿಡುವಾಗಿರುತ್ತವೆ. ಸಂಜೆಯ ಹೊತ್ತು ನಾಲ್ಕೈದು ಮನೆಯವರು ಒಂದೇ ಜಗಲಿಯಲ್ಲಿ ಸೇರಿ ಕಟ್ಟುವಾಗ ಊರಿನ ಸುದ್ದಿಯೆಲ್ಲ ಅಲ್ಲಿಯೇ ಹರಿದಾಡುತ್ತದೆ. ಆ ಬಿಡುವಿನಲ್ಲಿ ಮಗುವಿಗೆ ಸ್ವಲ್ಪ ಪಾಲು ಸಿಕ್ಕಿದರೆ, ನಾನು ಕೇಂದ್ರದಲ್ಲಿ ಕೊಡುವ ಶಾಲಾಪೂರ್ವ ಶಿಕ್ಷಣಕ್ಕೆ ಮನೆಯಲ್ಲಿ ದಿನಕ್ಕೆ ಒಂದೂವರೆ ಗಂಟೆ ಸೇರಿದಂತೆ ಆಗುತ್ತದೆ, ಅದಕ್ಕೆ ಯಾರ ಒಂದು ಬೀಡಿಯೂ ಕಡಿಮೆಯಾಗಬೇಕಿಲ್ಲ. ನನ್ನ ವಿಧಾನವೆಂದರೆ ಇಷ್ಟೇ.

ಹೇಳಿದಷ್ಟು ಸುಲಭವಾಗಿ ಅದು ನಡೆಯಲಿಲ್ಲ. ಸಂಜೆ ನಾಲ್ಕಕ್ಕೆ ಮಕ್ಕಳನ್ನು ಬಿಡುವಾಗ ಅವರ ಜೊತೆಗೇ ಒಂದು ಜಗಲಿಗೆ ಹೋಗಿ ಕುಳಿತುಕೊಳ್ಳಲು ತೊಡಗಿದೆ. ಮೊದಲ ಕೆಲವು ವಾರ ಹೆಂಗಸರು ಮರ್ಯಾದೆಗೆ ಕೆಲಸ ನಿಲ್ಲಿಸಿ ನನಗೆ ಚಹಾ ಮಾಡಲು ಏಳುತ್ತಿದ್ದರು. ಟೀಚರು ಬಂದ ದಿನ ಬ್ರಾಂಚಿಗೆ, ಎಂದರೆ ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಕಂಪನಿಯ ಶಾಖೆಗೆ, ಕೊಡುವ ಲೆಕ್ಕದಲ್ಲಿ ಇನ್ನೂರು ಕಡಿಮೆ ಬೀಳುತ್ತದೆ ಎಂದು ಒಬ್ಬ ಅತ್ತೆ ನನ್ನ ಎದುರಿಗೇ ಹೇಳಿದರು. ಆ ದಿನದಿಂದ ಚಹಾ ಬೇಡವೆಂದು ಕಟ್ಟುನಿಟ್ಟು ಮಾಡಿದೆ, ನೀರಿನ ಬಾಟಲಿ ನನ್ನ ಚೀಲದಲ್ಲಿಯೇ ಇರುತ್ತದೆ. ಎರಡನೆಯ ತೊಡಕು ಹೊಗೆಸೊಪ್ಪಿನ ಧೂಳು. ಮಕ್ಕಳನ್ನು ತಾಯಿಯ ಮಗ್ಗುಲಲ್ಲಿಯೇ ಕೂರಿಸಿದರೆ ಕೆಮ್ಮು ಬರುತ್ತದೆ, ಕೈ ತಡ್ಪೆಗೆ ಹೋಗಿ ಅಲ್ಲಿಂದ ಬಾಯಿಗೆ ಹೋಗುತ್ತದೆ. ಆದ್ದರಿಂದ ಗಾಳಿ ಬರುವ ಕಡೆ ಮಕ್ಕಳು, ಗಾಳಿ ಹೋಗುವ ಕಡೆ ತಾಯಂದಿರು, ನಡುವೆ ಅಂಗಳದ ಒಂದು ಭಾಗ. ಕೂಗದೆ ಆಡಿದ ಮಾತು ಕೇಳಿಸಬೇಕು, ಕೈ ಚಾಚಿದರೆ ತಡ್ಪೆ ಸಿಗಬಾರದು. ತಾಯಿ ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳುವಂತಿಲ್ಲ. ಇಂತಹ ಅಂಗಳವಿಲ್ಲದ ಜಗಲಿಯನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಹಾಗೆ ಎರಡು ಮನೆಗಳನ್ನು ಬಿಟ್ಟಿದ್ದೇನೆ, ಅವರಿಗೆ ನನ್ನ ಮೇಲೆ ಸ್ವಲ್ಪ ಸಿಟ್ಟೂ ಇದೆ.

ಇನ್ನೊಂದು ನಿಯಮದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳಿಲ್ಲ. ಮಕ್ಕಳಿಗೆ ಎಣಿಕೆ ಕಲಿಸಲು ಎಲೆ ಎಣಿಸಲಿ, ಇಪ್ಪತ್ತೈದರ ಕಟ್ಟು ಎಣಿಸಲಿ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ಕೇಳಲು ಚೆನ್ನಾಗಿದೆ, ಆದರೆ ಇಂದು ಎಣಿಸಿದ ಕೈ ನಾಳೆ ತುದಿ ಮಡಚುತ್ತದೆ, ನಾಡಿದ್ದು ನೂಲು ಸುತ್ತುತ್ತದೆ. ಬೀಡಿ ಕಟ್ಟುವುದು ಮಕ್ಕಳಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಯಲ್ಲಿ 1986ರ ಬಾಲಕಾರ್ಮಿಕ ಕಾಯ್ದೆಯಿಂದಲೇ ಇದೆ. ನನ್ನ ಜಗಲಿಗಳಲ್ಲಿ ಮಕ್ಕಳು ಎಲೆಯನ್ನಾಗಲಿ ನೂಲನ್ನಾಗಲಿ ಮುಟ್ಟುವುದಿಲ್ಲ.

ಅಲ್ಲಿ ನಡೆಯುವುದು ಮಾತು ಮಾತ್ರ. ತಾಯಿ ಅಥವಾ ಅಜ್ಜಿ ತನಗೆ ಗೊತ್ತಿರುವ ಕಥೆಯನ್ನು ಮನೆಮಾತಿನಲ್ಲಿಯೇ ಹೇಳಬೇಕು, ನಡುವೆ ನಿಲ್ಲಿಸಿ ಮಗುವಿಗೆ ಪ್ರಶ್ನೆ ಕೇಳಬೇಕು, ಮಗು ಉತ್ತರಿಸುವವರೆಗೆ ಎರಡು ಬೀಡಿ ಕಟ್ಟುವಷ್ಟು ಹೊತ್ತು ಕಾಯಬೇಕು. ಈ ಕಾಯುವುದನ್ನು ಕಲಿಸಲು ನನಗೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು, ಏಕೆಂದರೆ ದೊಡ್ಡವರು ಪ್ರಶ್ನೆ ಕೇಳಿದ ಉಸಿರಿನಲ್ಲಿಯೇ ಉತ್ತರವನ್ನೂ ಹೇಳಿಬಿಡುತ್ತಾರೆ. ಹೊತ್ತನ್ನು ಬೀಡಿಯ ಲೆಕ್ಕದಲ್ಲಿ ಹೇಳಿದ ಮೇಲೆಯೇ ಅದು ಅವರ ಕೈಗೆ ಹತ್ತಿತು. ಸಾಮಾನ್ಯವಾಗಿ ಕಥೆಗೆ ಮೂರು ಪ್ರಶ್ನೆ. ಮೊದಲಿನ ಎರಡು ಕಾರ್ಯಕರ್ತೆಯರಿಗೆಲ್ಲ ಗೊತ್ತಿರುವಂಥವೇ. ಮೂರನೆಯದನ್ನು ಇಲ್ಲಿ ಬರೆಯುವುದಿಲ್ಲ, ನೋಡಬೇಕೆನ್ನುವವರು ಜಗಲಿಗೆ ಬಂದು ನೋಡಲಿ. ಲೆಕ್ಕ ಕಡಿಮೆ ಬೀಳುತ್ತದೆ ಎಂದ ಆ ಅತ್ತೆಯನ್ನು ಒಲಿಸಿಕೊಂಡ ಬಗೆಯನ್ನೂ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಈಗ ಅತಿ ಹೆಚ್ಚು ಕಥೆ ಹೇಳುವವರು ಅವರೇ.

ಒಂದು ಸಂಜೆ ಅವರು ನರಿ ಮತ್ತು ಏಡಿಯ ಕಥೆ ಹೇಳುತ್ತಾ, ಏಡಿ ಬಿಲದೊಳಗೆ ಹೋದದ್ದೇ ಸುಮ್ಮನಾದರು. ಬೆರಳುಗಳು ಮಾತ್ರ ಸುರುಟುತ್ತಲೇ ಇದ್ದವು. ಅವರ ಮೊಮ್ಮಗ, ಕೇಂದ್ರದಲ್ಲಿ ಹೆಸರು ಕೂಗಿದರೂ ಬಾಯಿ ಬಿಡದ ಹುಡುಗ, ಸ್ವಲ್ಪ ಹೊತ್ತು ಅಜ್ಜಿಯ ಮುಖ ನೋಡಿದ, ಆಮೇಲೆ ಎದ್ದು ನಿಂತು "ಬೊಕ್ಕ?" (ಆಮೇಲೆ?) ಎಂದ. ಅಜ್ಜಿ ತಲೆ ಎತ್ತದೆ "ಈಯೇ ಪಣ್ಲ" (ನೀನೇ ಹೇಳು) ಎಂದರು. ಹುಡುಗ ಏಡಿಯನ್ನು ಬಿಲದಿಂದ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ತನ್ನ ಮಾವನ ಬಲೆಗೆ ಒಯ್ದು, ಕೊನೆಗೆ ಸಾರು ಮಾಡಿಸಿ ಮುಗಿಸಿದ. ನರಿಯನ್ನು ಅವನು ಮರೆತೇಬಿಟ್ಟಿದ್ದ, ಯಾರೂ ನೆನಪಿಸಲಿಲ್ಲ. ಮರುವಾರ ಅದೇ ಕಥೆಯನ್ನು ಕೇಂದ್ರದಲ್ಲಿ ಅರ್ಧ ತುಳು ಅರ್ಧ ಕನ್ನಡದಲ್ಲಿ ಹೇಳಿದ. ತುಳುವಿನಲ್ಲಿ ಮಾತಾಡಿಸಿದರೆ ಕನ್ನಡ ಯಾವಾಗ ಬರುತ್ತದೆ ಎಂದು ಕೇಳುವ ಪೋಷಕರಿಗೆ ನಾನು ವಾದ ಮಾಡುವುದನ್ನು ಬಿಟ್ಟು ಆ ಹುಡುಗನನ್ನೇ ಕರೆದು ಮಾತಾಡಿಸುತ್ತೇನೆ.

ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ಜಿಲ್ಲಾಧಿಕಾರಿಗಳು ಅಂಗನವಾಡಿಯಿಂದ ಪಿಯುಸಿಯವರೆಗೆ ಮಳೆಯ ರಜೆ ಕೊಡುತ್ತಾರೆ. ಅಂತಹ ದಿನಗಳಿಗೆಂದು ಅಟ್ಟದಲ್ಲಿದ್ದ ಚೆನ್ನೆಮಣೆಗಳನ್ನು, ಎಂದರೆ ಅಳಗುಳಿಮಣೆಗಳನ್ನು, ಇಳಿಸಿಸಿದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಇದಕ್ಕಿಂತ ಒಳ್ಳೆಯ ಗಣಿತದ ಸಾಧನವನ್ನು ನಾನು ಯಾವ ಕಿಟ್ಟಿನಲ್ಲಿಯೂ ಕಂಡಿಲ್ಲ. ಐದು ದಾಟಿದ ಮಕ್ಕಳು ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಮೊದಲೇ ಊಹಿಸಲು ಕಲಿತರು. ಚಿಕ್ಕವರು ಕಾಯಿಯನ್ನು ಮೂಗಿಗೆ ಹಾಕಿಕೊಳ್ಳುವ ಭಯವಿದ್ದುದರಿಂದ ಅವರಿಗೆ ತೊಳೆದು ಒಣಗಿಸಿದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಕೊಟ್ಟು, ನೆಲದಲ್ಲಿ ಸೀಮೆಸುಣ್ಣದಿಂದ ಗುಳಿ ಬರೆದೆ. ಗುಲಗಂಜಿಯನ್ನು ಯಾರೂ ತರಬಾರದು, ಅದು ವಿಷ. ಪುಷ್ಟಿ ಪುಡಿಯನ್ನು ತೆಂಗಿನ ಹಾಲು, ಬೆಲ್ಲ ಹಾಕಿ ರಾಗಿ ಮಣ್ಣಿಯಂತೆ ಕಾಯಿಸುವ ಪ್ರಯೋಗ ಮಾತ್ರ ಅರೆಬರೆ ಗೆದ್ದಿತು. ಮಕ್ಕಳು ತಿಂದರು, ತಾಯಂದಿರು ಎರಡೇ ವಾರದಲ್ಲಿ ಮಾಡುವುದನ್ನು ಬಿಟ್ಟರು. ಹಾಗಾಗಿ ಪುಡಿ ಈಗಲೂ ಕೆಲವು ಮನೆಗಳಲ್ಲಿ ದನದ ಅಕ್ಕಚ್ಚಿಗೇ ಹೋಗುತ್ತದೆ. ತೂಕದ ತಕ್ಕಡಿಯನ್ನು ಜಗಲಿಯ ಜಂತಿಗೆ ತೂಗುಹಾಕುವುದರಿಂದ ಆದ ಲಾಭ ಇದಕ್ಕಿಂತ ದೊಡ್ಡದು. ಸುತ್ತ ಕುಳಿತವರೆಲ್ಲರೂ ಎಲ್ಲರ ಮಕ್ಕಳ ತೂಕ ನೋಡುವುದರಿಂದ, ತೋಳಿನ ಸುತ್ತಳತೆ ಅಪೌಷ್ಟಿಕತೆಯ ಗುರುತಾದ ಹನ್ನೆರಡೂವರೆ ಸೆಂಟಿಮೀಟರಿಗಿಂತ ಕೆಳಗಿದ್ದ ಒಂದು ಮಗುವನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗುವಂತೆ ಮನೆಯವರನ್ನು ಒಪ್ಪಿಸಿದ್ದು ನಾನಲ್ಲ, ಪಕ್ಕದ ಮನೆಯ ಅಕ್ಕ.

ನೆನಪಿನಿಂದ ಹೇಳುವುದಾದರೆ, ಮೊದಲು ದಾಖಲಾತಿ ಇಪ್ಪತ್ತೆರಡು ಇಪ್ಪತ್ಮೂರು ಇದ್ದಾಗ ದಿನವೂ ಬರುತ್ತಿದ್ದವರು ಹತ್ತು ಹನ್ನೆರಡು. ಈಗ ಹದಿನೆಂಟಕ್ಕೆ ಕಡಿಮೆಯಾದ ದಿನಗಳು ಮಳೆಗಾಲದಲ್ಲಿಯೂ ಅಪರೂಪ. ಎಲ್‌ಕೆಜಿ ವ್ಯಾನು ಹತ್ತಿದ್ದ ಇಬ್ಬರು ಹಿಂದಕ್ಕೆ ಬಂದರು. ಖರ್ಚೆಂದರೆ ಚಾಪೆಗೆ, ಸೀಮೆಸುಣ್ಣಕ್ಕೆ, ಕೈ ತೊಳೆಯುವ ಸಾಬೂನಿಗೆ ವರ್ಷಕ್ಕೆ ಏಳೆಂಟು ನೂರು ರೂಪಾಯಿ. ಅದರಲ್ಲಿ ಅರ್ಧವನ್ನು ಸ್ತ್ರೀಶಕ್ತಿ ಗುಂಪಿನವರು ಕೇಳದೆಯೇ ಕೊಟ್ಟರು.

ಬಾಡಿಗೆ ಕೋಣೆಗಳಲ್ಲಿರುವ ಬಾಗಲಕೋಟೆ, ಗದಗ ಕಡೆಯ ಕೂಲಿ ಕುಟುಂಬಗಳಿಗೆ ಈ ಕ್ರಮ ಒಗ್ಗುವುದಿಲ್ಲ. ಅವರ ತಾಯಂದಿರು ಬೆಳಕು ಹರಿಯುವಾಗಲೇ ಕೆಲಸಕ್ಕೆ ಹೋಗುತ್ತಾರೆ, ಚಿಕ್ಕ ಮಕ್ಕಳು ಅಕ್ಕಂದಿರ ಸೊಂಟದ ಮೇಲೆ. ಅವರಿಗೆ ಬೇಕಾದದ್ದು ಬೆಳಿಗ್ಗೆಯಿಂದ ಸಂಜೆಯವರೆಗೆ ಮಗುವನ್ನು ನೋಡಿಕೊಳ್ಳುವ ಜಾಗ. ಪಂಚಾಯಿತಿಗಳ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆ ಅಂತಹ ಕಡೆ ನಡೆಯಬೇಕು.

ಬೀಡಿಯ ಕೆಲಸವೂ ಮೊದಲಿನಂತಿಲ್ಲ. ಬ್ರಾಂಚಿನಲ್ಲಿ ಎಲೆ ಕೊಡುವುದು ಕಡಿಮೆಯಾಗಿದೆ, ಹೊಸದಾಗಿ ಮದುವೆಯಾಗಿ ಬಂದವರು ತಡ್ಪೆ ಮುಟ್ಟುವುದಿಲ್ಲ, ಕೆಲವರು ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ, ಅಲ್ಲಿ ನನಗೆ ಪ್ರವೇಶವಿಲ್ಲ. ಆದ್ದರಿಂದ ಈ ವರ್ಷ ಹಾಲಿನ ಸೊಸೈಟಿಯ ಮುಂದೆ ಬೆಳಗಿನ ಸಾಲಿನಲ್ಲಿ ಪ್ರಯತ್ನಿಸುತ್ತಿದ್ದೇನೆ. ಅಲ್ಲಿ ಸಿಗುವುದು ಕಾಲು ಗಂಟೆ, ಅಷ್ಟರಲ್ಲಿ ಕಥೆ ಮುಗಿಯುವುದಿಲ್ಲ, ಒಗಟು ನಡೆಯುತ್ತದೆ. ಕ್ಯಾನು ಹಿಡಿದು ಬಂದ ಮಗುವಿಗೆ ಒಂದು ಒಗಟು ಹೇಳಿ, ಉತ್ತರವನ್ನು ನಾಳೆ ಹಾಲಿನ ಜೊತೆಗೆ ತರಲು ಹೇಳುತ್ತೇನೆ. ಸದ್ಯಕ್ಕೆ ನಾಲ್ಕು ಮನೆಯವರು ತರುತ್ತಿದ್ದಾರೆ, ಹಾಲು ಅಳೆಯುವವರಿಗೆ ಮಾತ್ರ ಸಾಲು ತಡವಾಗುತ್ತದೆ ಎಂಬ ತಕರಾರಿದೆ.