ಮುರಿದ ಆಕ್ಸಲ್ ಹಿಡಿದು ಕ್ಲಾಸಿಗೆ ಹೋದ ಮೇಲೆ

ನನ್ನ ಬ್ಯಾಗಿನಲ್ಲಿ ಲ್ಯಾಪ್‌ಟಾಪ್‌ಗಿಂತ ಭಾರದ ಒಂದು ಸ್ಟೀಲ್ ಡಬ್ಬಿ ಇರುತ್ತದೆ. ಅದರಲ್ಲಿ ತಲೆ ಹಾರಿದ ಬೋಲ್ಟ್‌ಗಳು, ಹಲ್ಲು ಉದುರಿದ ಗೇರ್, ಮುರಿದ ಆಕ್ಸಲ್ ಶಾಫ್ಟಿನ ಒಂದು ತುಂಡು. ಪೀಣ್ಯ, ಹೊಸೂರು ಅಂತ 22 ವರ್ಷ ಗಾಡಿ ಬಿಡಿಭಾಗ ಮಾಡುವ ಕಾರ್ಖಾನೆಗಳ ಮೆಟಲರ್ಜಿ ಲ್ಯಾಬಿನಲ್ಲಿದ್ದೆ, ಅಂದರೆ ಲೋಹ ಪರೀಕ್ಷೆ ಮಾಡುವ ಕಡೆ. ಈಗ ಎರಡೂವರೆ ವರ್ಷದಿಂದ ಒಂದು ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಮಕ್ಕಳಿಗೆ ಮೆಟೀರಿಯಲ್ಸ್ ಪಾಠ ಮಾಡುತ್ತಿದ್ದೇನೆ.

ನನಗೆ ಪಿಎಚ್‌ಡಿ ಇಲ್ಲ. 2022ರಲ್ಲಿ ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅಂತ ಒಂದು ದಾರಿ ತೆರೆಯಿತು. ಕೆಲಸದಲ್ಲಿ ಕನಿಷ್ಠ 15 ವರ್ಷದ ಅನುಭವ ಇದ್ದರೆ ಪಿಎಚ್‌ಡಿ ಕೇಳುವುದಿಲ್ಲ. ಆದರೆ ಕಾಯಂ ಕೆಲಸ ಅಲ್ಲ, ಮೂರು ವರ್ಷ, ತೀರಾ ಬೇಕಾದರೆ ಇನ್ನೊಂದು ವರ್ಷ. ಸಂಬಳವೂ ಅರ್ಧಕ್ಕಿಂತ ಕಡಿಮೆ ಆಯಿತು. ಮನೆ ಸಾಲ ತೀರಿದ ಮೇಲೇ ರಾಜೀನಾಮೆ ಕೊಟ್ಟೆ, ಅದಕ್ಕೂ ಮೊದಲು ಒಂದು ವರ್ಷ ಶನಿವಾರ ಶನಿವಾರ ಗೆಸ್ಟ್ ಲೆಕ್ಚರ್ ಮಾಡಿ ನೋಡಿದೆ. ಈ ಕಡೆ ಬರಬೇಕು ಅನ್ನುವವರು ಆ ಒಂದು ವರ್ಷವನ್ನು ಖಂಡಿತ ಬಿಡಬೇಡಿ.

ಮೊದಲ ಕ್ಲಾಸು ಚೆನ್ನಾಗಿ ಆಗಲಿಲ್ಲ. 42 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಯಾವ ಬಿಸಿಗೆ ಉಕ್ಕಿನ ಒಳರಚನೆ ಹೇಗಿರುತ್ತದೆ ಅಂತ ತೋರಿಸುವ ಐರನ್-ಕಾರ್ಬನ್ ಡಯಾಗ್ರಾಮ್, ಉಕ್ಕಿನ ಒಳರಚನೆಗಳಾದ ಆಸ್ಟೆನೈಟ್, ಪರ್ಲೈಟ್, ಮಾರ್ಟೆನ್ಸೈಟ್, ಒಂದೂ ಬಿಡಲಿಲ್ಲ. ಕೊನೆಗೆ ಒಬ್ಬ ಹುಡುಗ ಎದ್ದು, "ಸರ್, ಈ 727 ಡಿಗ್ರಿ ಬಾಯಿಪಾಠ ಮಾಡ್ಬೇಕಾ?" ಅಂತ ಕೇಳಿದ. ಅವನ ತಪ್ಪೇನಿಲ್ಲ. ಆ ಸಂಖ್ಯೆ ಯಾಕೆ ಬೇಕು ಅಂತ ನಾನು ಹೇಳಿಯೇ ಇರಲಿಲ್ಲ.

ಮನೆಗೆ ಬಂದು ಯೋಚಿಸಿದೆ. ಲ್ಯಾಬಿನಲ್ಲಿ ನಾನು ಯಾವತ್ತೂ ಡಯಾಗ್ರಾಮಿನಿಂದ ಶುರು ಮಾಡಿದವನಲ್ಲ. ಮುರಿದ ಪಾರ್ಟ್ ಮೇಜಿನ ಮೇಲೆ ಬರುತ್ತಿತ್ತು, ಮೊದಲು ಕಣ್ಣಿಂದ ನೋಡುತ್ತಿದ್ದೆ, ಆಮೇಲೆ ಲೆನ್ಸ್, ಅದಾದ ಮೇಲೆ ಕತ್ತರಿಸಿ, ಪಾಲಿಶ್ ಮಾಡಿ, ಒಳರಚನೆ ಕಾಣಿಸಲು ನೈಟಾಲ್ ಅನ್ನುವ ಆಸಿಡ್ ದ್ರಾವಣ ಹಚ್ಚಿ ಮೈಕ್ರೋಸ್ಕೋಪು. ಪುಸ್ತಕ ತೆಗೆಯುತ್ತಿದ್ದದ್ದು ಕೊನೆಗೆ. ಕ್ಲಾಸಿನಲ್ಲಿ ಮಾತ್ರ ಯಾಕೆ ತಿರುಗಾಮುರುಗಾ ಮಾಡಬೇಕು?

ಮುಂದಿನ ವಾರ ಆಕ್ಸಲ್ ತುಂಡು ತಗೊಂಡು ಹೋದೆ. ಏನೂ ಹೇಳದೆ ಮೊದಲ ಬೆಂಚಿಗೆ ಕೊಟ್ಟೆ, ಕೈಯಿಂದ ಕೈಗೆ ದಾಟಿಸಿ, ಬೆರಳಾಡಿಸಿ ಅಂದೆ. ಮುರಿದ ಮುಖದಲ್ಲಿ ಮುಕ್ಕಾಲು ಭಾಗ ನುಣುಪು. ಅದರ ಮೇಲೆ ಅಲೆ ಬಂದುಹೋದ ಮರಳಿನ ಹಾಗೆ ಬಾಗಿದ ಗೆರೆಗಳು. ಉಳಿದ ಕಾಲು ಭಾಗ ಒರಟು, ದಪ್ಪ ರವೆ ಚೆಲ್ಲಿದ ಹಾಗೆ. ಹಿಂದಿನ ಬೆಂಚಿನಿಂದ ಚಿತ್ರದುರ್ಗದ ಕಡೆಯ ಹುಡುಗಿಯೊಬ್ಬಳು, ಆವರೆಗೂ ಒಂದು ಮಾತೂ ಆಡದವಳು, "ಸರ್, ನಮ್ಮ ಟ್ರಾಕ್ಟರಿನ ಆಕ್ಸಲ್ಲೂ ಹಿಂಗೇ ಇತ್ತು. ಅಪ್ಪ ಲೋಡ್ ಜಾಸ್ತಿ ಆಯ್ತು ಅಂದಿದ್ರು" ಅಂದಳು.

ಅಲ್ಲಿಂದ ಪಾಠ ತಾನಾಗೇ ಹೊರಟಿತು. ಆ ಗೆರೆಗಳು ಬಿರುಕು ಸ್ವಲ್ಪ ಸ್ವಲ್ಪವೇ ಮುಂದೆ ಸರಿದ ಗುರುತು. ಒರಟು ಜಾಗ ಕೊನೆಯಲ್ಲಿ ಒಮ್ಮೆಲೇ ಮುರಿದದ್ದು. ಅದು ಚಿಕ್ಕದಿದೆ ಅಂದರೆ ಆ ಕೊನೆಯ ಹೊತ್ತಿನಲ್ಲಿ ಲೋಡ್ ಅಷ್ಟೇನೂ ಇರಲಿಲ್ಲ. ಹಾಗಾದರೆ ಬಿರುಕು ಎಲ್ಲಿ ಹುಟ್ಟಿತು? ಗೆರೆಗಳನ್ನು ಹಿಂದಕ್ಕೆ ಹುಡುಕುತ್ತಾ ಹೋದರು. ಶಾಫ್ಟಿನ ದಪ್ಪ ಬದಲಾಗುವ ಮೂಲೆಯಲ್ಲಿ ಲೇತಿನ ಟೂಲ್ ಬಿಟ್ಟ ಒಂದು ಸಣ್ಣ ಗೀರು ಸಿಕ್ಕಿತು. ಉಗುರಿಗೆ ತಾಗುವಷ್ಟು, ಅಷ್ಟೇ. ಲಕ್ಷಗಟ್ಟಲೆ ಸಲ ತಿರುಗಿದ ಶಾಫ್ಟಿಗೆ ಅಷ್ಟು ಸಾಕು.

ಹೀಟ್ ಟ್ರೀಟ್‌ಮೆಂಟ್, ಅಂದರೆ ಕಾಸಿ ತಣಿಸಿ ಲೋಹದ ಗುಣ ಬದಲಿಸುವ ಪಾಠಕ್ಕೂ ಹೀಗೆಯೇ ಮಾಡಿದೆ. ಮಕ್ಕಳಲ್ಲಿ ಹಲವರು ಊರಿನ ಕುಲುಮೆ ನೋಡಿದವರು. ಕಮ್ಮಾರ ಕುಡುಗೋಲನ್ನು ಕೆಂಪಗೆ ಕಾಸಿ ನೀರಿಗೆ ಅದ್ದುತ್ತಾನೆ, ಆಮೇಲೆ ಬಣ್ಣ ನೋಡುತ್ತಾನೆ, ಅಲ್ವಾ? ಹದ ಅನ್ನುವ ಮಾತು ಅವರಿಗೆ ಗೊತ್ತು. ಟೆಂಪರಿಂಗ್ ಅಂದರೆ ಆ ಹದವೇ. ಹೊಲಿಗೆ ಸೂಜಿ ಕಾಸಿ ನೀರಿಗೆ ಹಾಕಿ ಬಗ್ಗಿಸಿದೆವು, ಟಕ್ ಅಂತ ಮುರಿಯಿತು. ಇನ್ನೊಂದನ್ನು ಹಾಗೇ ಅದ್ದಿ, ಉಜ್ಜಿ ಹೊಳಪು ಮಾಡಿ, ಸುಮಾರು 300 ಡಿಗ್ರಿಗೆ ನೀಲಿ ಬಣ್ಣ ಬರುವ ತನಕ ಮತ್ತೆ ಮೆಲ್ಲಗೆ ಕಾಸಿದೆವು. ಅದು ಮುರಿಯದೆ ಬಾಗಿತು. ಆಮೇಲೆ ಬೋರ್ಡಿನ ಮೇಲೆ 727 ಬರೆದೆ. ಉಕ್ಕಿನ ಒಳರಚನೆ ಬದಲಾಗುವ ಬಿಸಿ ಇದು, ಸೂಜಿ ಗಟ್ಟಿಯಾಗಬೇಕಾದರೆ ಮೊದಲು ಈ ಗೆರೆ ದಾಟಬೇಕು ಅಂದೆ. ಬಾಯಿಪಾಠದ ಮಾತು ಯಾರೂ ಎತ್ತಲಿಲ್ಲ.

ಕಷ್ಟಗಳೂ ಇವೆ. ಒಂದು ಗಂಟೆ ಪಾಠಕ್ಕೆ ಮೊದಲ ವರ್ಷ ಐದಾರು ಗಂಟೆ ಓದಿದ್ದೇನೆ. ಪಾಠದ ಗುರಿಗಳನ್ನು ಕೋರ್ಸಿನ ಗುರಿಗಳಿಗೆ ಹೊಂದಿಸಿ ಬರೆಯುವ ಸಿಒ-ಪಿಒ ಮ್ಯಾಪಿಂಗ್, ಐಎ (ಇಂಟರ್ನಲ್) ಮಾರ್ಕ್ಸ್ ಫೈಲು, ಇವು ಮಧ್ಯಾಹ್ನಗಳನ್ನೇ ತಿನ್ನುತ್ತವೆ. ಪಾಲಿಶಿಂಗ್ ಮಷೀನು ಒಂದೇ, ಮಕ್ಕಳು 60. ಅದಕ್ಕೇ ಎಮರಿ ಪೇಪರನ್ನು ಗಾಜಿನ ಮೇಲಿಟ್ಟು ಕೈಯಲ್ಲೇ ಉಜ್ಜಿಸುತ್ತೇನೆ. ಒರಟಾದ 220 ನಂಬರಿನಿಂದ ನುಣುಪಾದ 1000ದವರೆಗೆ, ಪ್ರತಿ ಪೇಪರಿಗೂ ಪೀಸನ್ನು 90 ಡಿಗ್ರಿ ತಿರುಗಿಸಿ, ಹಿಂದಿನ ಗೀರು ಪೂರ್ತಿ ಹೋಗುವ ತನಕ. ಬೇಜಾರಾಗುತ್ತದೆ, ಕೈ ನೋಯುತ್ತದೆ. ಆದರೆ ತಾನೇ ಉಜ್ಜಿದ ಪೀಸಿನಲ್ಲಿ ಮೊದಲ ಸಲ ಪರ್ಲೈಟಿನ ಪದರ ಕಂಡಾಗ ಮಕ್ಕಳು ಮೈಕ್ರೋಸ್ಕೋಪ್ ಬಿಟ್ಟು ಏಳುವುದಿಲ್ಲ. ಆ ಹೊತ್ತಿಗೆ ನನಗೆ ಹಳೆಯ ಸಂಬಳ ನೆನಪಾಗುವುದಿಲ್ಲ.

ಮೊನ್ನೆ ಆ ಚಿತ್ರದುರ್ಗದ ಹುಡುಗಿ ಊರಿಂದ ಒಂದು ಗೋಣಿಚೀಲ ತಂದಳು. ಒಳಗೆ ಅವರ ಟ್ರಾಕ್ಟರಿನ ಆಕ್ಸಲ್, ಶೆಡ್ಡಿನಲ್ಲಿ ಬಿದ್ದಿತ್ತಂತೆ. ಮುರಿದ ಮುಖಕ್ಕೆ ತುಕ್ಕು ಹಿಡಿದಿದೆ, ಗೆರೆ ಉಳಿದಿದೆಯೋ ಇಲ್ಲವೋ ಮೆತ್ತಗೆ ತೊಳೆದು ನೋಡಬೇಕು. ಶನಿವಾರ ಕತ್ತರಿಸುತ್ತೇವೆ. ಅವಳ ಅಪ್ಪನೂ ಬರುತ್ತೇನೆ ಅಂದಿದ್ದಾರೆ.