ಕಂಪನಿಯ ಪ್ರೆಸ್ ನೋಟ್ ಹಾಕುವ ಮುನ್ನ ಯಾರನ್ನು ಕೇಳಬೇಕು?

ಕಂಪನಿಯವರೇ ಮೇಲ್ ಮಾಡಿದ್ದಾರೆ. 'ತಕ್ಷಣ ಪ್ರಕಟಣೆಗಾಗಿ' ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಅಂದಮೇಲೆ ಕಾಪಿ ಮಾಡಿ ಹಾಕೋಕೆ ಯಾರನ್ನು ಕೇಳಬೇಕು? ಸಣ್ಣ ಸುದ್ದಿ ವೆಬ್‌ಸೈಟ್ ನಡೆಸುವವರು ಹೀಗೆ ಯೋಚಿಸುವುದು ಮುಕ್ಕಾಲು ಪಾಲು ಸರಿಯೇ. ತೊಂದರೆ ಬರುವುದು ಉಳಿದ ಕಾಲು ಪಾಲಿನಲ್ಲಿ. ಅದರಲ್ಲೂ ಫೋಟೊಗಳಲ್ಲಿ.

ನಮ್ಮ 1957ರ ಕಾಪಿರೈಟ್ ಕಾಯ್ದೆಯ ಲೆಕ್ಕದಲ್ಲಿ ಪ್ರೆಸ್ ನೋಟೂ ಒಂದು ಸಾಹಿತ್ಯ ಕೃತಿ. ಅದರಲ್ಲಿ ಸಾಹಿತ್ಯ ಎಷ್ಟಿರುತ್ತದೆ ಅನ್ನೋದು ಬೇರೆ ಮಾತು! ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, © ಗುರುತೂ ಬೇಕಿಲ್ಲ. ಹಕ್ಕನ್ನು ಪೂರ್ತಿ ಬಿಟ್ಟುಕೊಡುವುದಾದರೆ ಸೆಕ್ಷನ್ 21ರ ಪ್ರಕಾರ ಕಾಪಿರೈಟ್ ರಿಜಿಸ್ಟ್ರಾರ್‌ಗೆ ನೋಟಿಸ್ ಕೊಡಬೇಕು, ಇಲ್ಲವೇ ಸಾರ್ವಜನಿಕ ನೋಟಿಸ್ ಹೊರಡಿಸಬೇಕು. 'ತಕ್ಷಣ ಪ್ರಕಟಣೆಗಾಗಿ' ಎಂಬ ಸಾಲು ಆ ನೋಟಿಸ್ ಅಲ್ಲ. ಸುದ್ದಿಗೆ ಬಳಸಿಕೊಳ್ಳಿ ಎಂದಷ್ಟೇ ಅದು ಹೇಳುತ್ತದೆ.

ಮೊದಲು, ಮೂಲ ಹುಡುಕಿ

ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ನೇರವಾಗಿ ಹಾಕಬೇಡಿ. ಕಂಪನಿಯ ವೆಬ್‌ಸೈಟಿನಲ್ಲಿ ಅದೇ ಪ್ರಕಟಣೆ ಇದೆಯಾ ನೋಡಿ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಕೆಲಸ ಸುಲಭ. ಷೇರುಪೇಟೆಯ ನಿಯಂತ್ರಕ ಸೆಬಿಯ 2015ರ ನಿಯಮಗಳ ಪ್ರಕಾರ ಮುಖ್ಯ ಬೆಳವಣಿಗೆಗಳನ್ನು ಬಿಎಸ್‌ಇ, ಎನ್‌ಎಸ್‌ಇಯಂಥ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಲೇಬೇಕು. ಅಲ್ಲಿ ಯಾರು ಬೇಕಾದರೂ ಓದಬಹುದು. ಇಷ್ಟೊಂದು ಅನುಮಾನ ಯಾಕೆ ಅಂತೀರಾ? 2000ನೇ ಇಸವಿಯ ಆಗಸ್ಟ್‌ನಲ್ಲಿ ಅಮೆರಿಕದ ಎಮ್ಯುಲೆಕ್ಸ್ ಕಂಪನಿಯ ಹೆಸರಲ್ಲಿ ಒಂದು ನಕಲಿ ಪ್ರೆಸ್ ನೋಟ್ ಹೊರಬಂತು. ಸುದ್ದಿಸಂಸ್ಥೆಗಳು ಪರಿಶೀಲಿಸದೆ ಅದನ್ನೇ ಹರಡಿದವು. ಕೆಲವೇ ಹೊತ್ತಿನಲ್ಲಿ ಷೇರು ಬೆಲೆ ಅರ್ಧಕ್ಕಿಂತ ಕೆಳಗೆ ಕುಸಿದಿತ್ತು.

ಇನ್ನೊಂದು ಗೊಂದಲ. ಪಿಟಿಐನಂಥ ಸುದ್ದಿಸಂಸ್ಥೆ ಕಂಪನಿಯ ಪ್ರಕಟಣೆ ಇಟ್ಟುಕೊಂಡು ಬರೆದ ವರದಿ ಆ ಸಂಸ್ಥೆಯ ಸ್ವತ್ತು. ಅದಕ್ಕೆ ಚಂದಾ ಕಟ್ಟಬೇಕು. ಕಂಪನಿ ಹೂಂ ಅಂದರೂ ಅದನ್ನು ಎತ್ತಿ ಹಾಕುವಂತಿಲ್ಲ.

ಹಕ್ಕು ಯಾರದು?

ಕಂಪನಿಯ ನೌಕರರು ಕೆಲಸದ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ಕಂಪನಿಯದು. ಪ್ರಚಾರದ ಕೆಲಸ ಮಾಡಿಕೊಡುವ ಹೊರಗಿನ ಪಿಆರ್ ಏಜೆನ್ಸಿ ಬರೆದಿದ್ದರೆ ಹಕ್ಕು ಯಾರ ಕೈಯಲ್ಲಿದೆ ಅನ್ನೋದು ಅವರವರ ಒಪ್ಪಂದದ ವಿಷಯ. ನೀವು ಅದರೊಳಗೆ ಇಳಿಯಬೇಕಿಲ್ಲ. ಪ್ರಕಟಣೆಯ ಕೊನೆಯಲ್ಲಿ ಮಾಧ್ಯಮ ಸಂಪರ್ಕಕ್ಕೆ ಎಂದು ಕೊಟ್ಟಿರುವ ವಿಳಾಸಕ್ಕೇ ಬರೆಯಿರಿ.

ಫೋಟೊಗೆ ಬೇರೆಯೇ ಲೆಕ್ಕ

ಪಠ್ಯಕ್ಕೆ ಕಂಪನಿ ಜಗಳ ಮಾಡುವುದು ಅಪರೂಪ. ಸುದ್ದಿ ಹರಡಲಿ ಅಂತಲೇ ತಾನೆ ಕಳಿಸಿದ್ದು? ಫೋಟೊ ಹಾಗಲ್ಲ. ಅದರ ಹಕ್ಕು ಫೋಟೊಗ್ರಾಫರ್ ಬಳಿ ಉಳಿದಿರಬಹುದು. ಕಂಪನಿ ಅದನ್ನು ಸಿದ್ಧ ಚಿತ್ರಗಳನ್ನು ಮಾರುವ ಸ್ಟಾಕ್ ಫೋಟೊ ಸೈಟಿನಿಂದ ತನ್ನ ಬಳಕೆಗೆ ಮಾತ್ರ ಕೊಂಡಿರಬಹುದು. ತನ್ನದಲ್ಲದ್ದಕ್ಕೆ ಕಂಪನಿ ಅನುಮತಿ ಕೊಡಲಾರದು. ಜಾಹೀರಾತಿನ ನಟ, ಕ್ರಿಕೆಟಿಗ ಚಿತ್ರದಲ್ಲಿದ್ದರೆ ಇನ್ನೂ ಹುಷಾರು. ಅವರ ಒಪ್ಪಂದ ಕೆಲವು ತಿಂಗಳಿಗೆ ಮಾತ್ರ ಇರಬಹುದು, ನಿಮ್ಮ ಪುಟ ವರ್ಷಗಟ್ಟಲೆ ಇರುತ್ತದೆ. 'ಸಂಪಾದಕೀಯ ಬಳಕೆಗೆ ಮಾತ್ರ' ಎಂದಿದ್ದರೆ ಸುದ್ದಿಯ ಜೊತೆ ಹಾಕಿ, ನಿಮ್ಮ ಸೈಟಿನ ಜಾಹೀರಾತಿಗೆ ಬೇಡ. ಲೋಗೊ ಸುದ್ದಿಗೆ ಸರಿ. ಆದರೆ ಆ ಕಂಪನಿ ನಿಮ್ಮ ಪಾಲುದಾರ ಅನ್ನಿಸುವಂತೆ ಹಾಕಬೇಡಿ.

ಬರಹದಲ್ಲಿ ಅನುಮತಿ ಪಡೆಯಿರಿ

ಫೋನಿನಲ್ಲಿ 'ಹಾಕ್ಕೊಳ್ಳಿ ಸರ್' ಅಂದದ್ದು ಸಾಲದು. ಸೆಕ್ಷನ್ 30ರ ಪ್ರಕಾರ ಲೈಸೆನ್ಸ್ ಬರಹದಲ್ಲಿರಬೇಕು. 2012ರ ತಿದ್ದುಪಡಿಯಲ್ಲಿ ಸಹಿಯ ಷರತ್ತು ಹೋಯಿತು, ಹಾಗಾಗಿ ಮೇಲ್ ನಡೆಯುತ್ತದೆ. ಉದ್ದ ಬೇಡ, ಇಷ್ಟು ಬರೆದರೆ ಸಾಕು:

'ಮಾನ್ಯರೇ, ಇಂಥ ದಿನಾಂಕದ ನಿಮ್ಮ ಪ್ರಕಟಣೆಯನ್ನು ಕನ್ನಡಕ್ಕೆ ಅನುವಾದಿಸಿ, ಮೂಲ ತಿಳಿಸಿ, ನಮ್ಮ ವೆಬ್‌ಸೈಟಿನಲ್ಲಿ ಪ್ರಕಟಿಸಲು ಅನುಮತಿ ಕೋರುತ್ತೇವೆ. ಜೊತೆಗಿರುವ ಮೂರು ಚಿತ್ರಗಳನ್ನೂ ಬಳಸಬಹುದೇ? ಅವುಗಳ ಹಕ್ಕು ನಿಮ್ಮದೇ ಎಂದು ದಯವಿಟ್ಟು ಖಚಿತಪಡಿಸಿ.'

ಅನುವಾದದ ಮಾತನ್ನು ಮರೆಯದೆ ಸೇರಿಸಿ. ಕಾಯ್ದೆಯಲ್ಲಿ ಅನುವಾದ ಒಂದು ಪ್ರತ್ಯೇಕ ಹಕ್ಕು. ಇಂಗ್ಲಿಷ್ ಪ್ರಕಟಣೆ ಹಾಕಲು ಸಿಕ್ಕ ಅನುಮತಿ ಕನ್ನಡಕ್ಕೂ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ.

ಹಾಕುವಾಗ

ಎಂಬಾರ್ಗೊ, ಅಂದರೆ ಇಂಥ ಹೊತ್ತಿನವರೆಗೆ ಪ್ರಕಟಿಸಬೇಡಿ ಎಂಬ ಷರತ್ತು ಇದ್ದರೆ, ಆ ಹೊತ್ತಿಗೆ ಮುಂಚೆ ಹಾಕಬೇಡಿ. ಮೇಲ್ಗಡೆಯೇ 'ಕಂಪನಿಯ ಪ್ರಕಟಣೆ' ಎಂದು ಬರೆಯಿರಿ, ಮೂಲಕ್ಕೆ ಲಿಂಕ್ ಕೊಡಿ. ಬರೆದವರು ಎಂದು ನಿಮ್ಮ ವರದಿಗಾರರ ಹೆಸರು (ಬೈಲೈನ್) ಬೇಡ. ಹಣ ಪಡೆದು ಹಾಕುತ್ತಿದ್ದರೆ 'ಜಾಹೀರಾತು' ಎಂದೇ ಬರೆಯಬೇಕು. ಮೂಲೆಯಲ್ಲಿ, ಕಣ್ಣಿಗೆ ಕಾಣದ ಅಕ್ಷರದಲ್ಲಿ ಬರೆದರೆ ಬರೆದಂತಲ್ಲ.

ಉದ್ದವಾಯಿತು ಅಂತ ಕತ್ತರಿಸುವುದಾದರೆ 'ಆಯ್ದ ಭಾಗ' ಎನ್ನಿ. ಮುಖ್ಯಸ್ಥರ ಬಾಯಲ್ಲಿ ಹೇಳಿಸಿದ ಮಾತನ್ನು ತಿದ್ದಬೇಡಿ, ಅದೆಷ್ಟೇ ಪೇಲವವಾಗಿದ್ದರೂ. ಐಟಿ ಕಂಪನಿಗಳ ತ್ರೈಮಾಸಿಕ ಫಲಿತಾಂಶದ ಕೊನೆಯಲ್ಲಿ, ಮುಂದಿನ ಅಂದಾಜುಗಳು ತಪ್ಪಬಹುದು ಎಂಬ ಉದ್ದನೆ ಎಚ್ಚರಿಕೆ ಇರುತ್ತದೆ. ಯಾರೂ ಓದುವುದಿಲ್ಲ ಎಂದು ಡೆಸ್ಕಿನಲ್ಲಿ ಮೊದಲು ಕತ್ತರಿಸುವುದು ಅದನ್ನೇ. ಪೂರ್ಣ ಪ್ರಕಟಣೆ ಹಾಕುವುದಾದರೆ ಅದೂ ಇರಲಿ. ಅನುವಾದದಲ್ಲಿ ಅಂಕಿಗಳನ್ನು ಎರಡು ಸಲ ನೋಡಿ. ಮಿಲಿಯನ್ ಅಂದರೆ 10 ಲಕ್ಷ, ಬಿಲಿಯನ್ ಅಂದರೆ 100 ಕೋಟಿ. ಇಲ್ಲಿ ಒಂದು ಸೊನ್ನೆ ಹೆಚ್ಚುಕಮ್ಮಿಯಾದರೆ ಕಾಪಿರೈಟಿಗಿಂತ ದೊಡ್ಡ ತಲೆನೋವು.

ಕೇಳುವ ಗೋಜೇ ಬೇಡ ಅಂದರೆ

ನೀವೇ ಸುದ್ದಿ ಬರೆಯಿರಿ. ನನಗೆ ಕೇಳಿದರೆ ಇದೇ ಒಳ್ಳೇ ದಾರಿ. ಕಂಪನಿ ಹುಬ್ಬಳ್ಳಿಯಲ್ಲಿ ಕಚೇರಿ ತೆರೆಯುತ್ತದೆ ಎಂಬ ಸಂಗತಿ ಯಾರ ಸ್ವತ್ತೂ ಅಲ್ಲ, ಅದನ್ನು ಹೇಳಿದ ವಾಕ್ಯಗಳಿಗೆ ಮಾತ್ರ ಹಕ್ಕು. ಕಲ್ಪನೆ, ವಸ್ತು, ಐತಿಹಾಸಿಕ ಸಂಗತಿಗಳಿಗೆ ಕಾಪಿರೈಟ್ ಇಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಪ್ರಚಲಿತ ವಿದ್ಯಮಾನ ವರದಿ ಮಾಡಲು ಒಂದೆರಡು ಸಾಲು ಉದ್ಧರಿಸಲು ಸೆಕ್ಷನ್ 52ರಲ್ಲಿ ಅವಕಾಶವಿದೆ. ಕಂಪನಿ ಹೇಳದೆ ಬಿಟ್ಟದ್ದನ್ನು ಫೋನ್ ಮಾಡಿ ಕೇಳಲೂಬಹುದು. ಎಷ್ಟು ಜನಕ್ಕೆ ಕೆಲಸ, ಜಾಗ ಎಲ್ಲಿ, ಇಂಥವು.

ಆಕ್ಷೇಪ ಬಂದರೆ

ವಾದಕ್ಕೆ ಇಳಿಯಬೇಡಿ. ಆಕ್ಷೇಪ ಚಿತ್ರದ್ದಾದರೆ ಚಿತ್ರ ತೆಗೆದು, ಆಮೇಲೆ ಉತ್ತರ ಬರೆಯಿರಿ. 'ನಾವು ಬರೀ ವೇದಿಕೆ, ಬೇರೆಯವರು ಹಾಕಿದ್ದಕ್ಕೆ ಹೊಣೆಯಲ್ಲ' ಎಂಬ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ರಕ್ಷಣೆ ನೀವೇ ಆರಿಸಿ ಹಾಕಿದ ಬರಹಕ್ಕೆ ನಿಲ್ಲುವುದು ಕಷ್ಟ. ಗೊತ್ತಿದ್ದೂ ಹಕ್ಕು ಮುರಿದರೆ ಕಾಪಿರೈಟ್ ಕಾಯ್ದೆಯ ಸೆಕ್ಷನ್ 63ರಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಪ್ರೆಸ್ ನೋಟಿನ ವಿಷಯ ಅಲ್ಲಿಯವರೆಗೆ ಹೋಗುವುದು ತೀರಾ ಕಡಿಮೆ. ಆದರೂ ಅನುಮತಿಯ ಮೇಲ್‌ಗಳನ್ನು ಒಂದು ಫೋಲ್ಡರಿನಲ್ಲಿ ಇಡಿ. ಕಚೇರಿಯ ಮೇಲ್‌ನಲ್ಲೇ ಇಡಿ, ಕೆಲಸ ಬಿಟ್ಟು ಹೋಗುವ ಹುಡುಗನ ಜಿಮೇಲ್‌ನಲ್ಲಿ ಬೇಡ.