ಬೆವರುವ ನೆಲ, ಖಾಲಿ ಗೋಡೆ: ಕೊಡಗಿನಲ್ಲಿ ಸೂಫಿ ಧ್ಯಾನದ ಕೋಣೆ ಮಾಡಿದ ಬಗೆ

ಸೂಫಿ ಧ್ಯಾನದ ಕೋಣೆಗೆಂದು ನಮಗೆ ಸಿಕ್ಕಿದ್ದು ಕಾಫಿ ತೋಟದ ಹಳೆಯ ಗೋದಾಮು. 24 ಅಡಿ ಉದ್ದ, 18 ಅಡಿ ಅಗಲ. ಯಾವ ಧರ್ಮದವರಾದರೂ ಬಂದು ಕೂರಬಹುದಾದ ಜಾಗ ಎಂದ ಕೂಡಲೇ ಗೋಡೆಯ ಮೇಲೆ ಓಂಕಾರ, ಶಿಲುಬೆ, ಚಂದ್ರ ಎಲ್ಲವನ್ನೂ ಸಾಲಾಗಿ ಬರೆಸೋಣ ಎಂಬ ಸಲಹೆ ಬರುತ್ತದೆ. ಆದರೆ ಕೊಡಗಿನಲ್ಲಿ ಮೊದಲು ನೋಡಬೇಕಾದ್ದು ಗೋಡೆಯಲ್ಲ, ನೆಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೆಡ್ ಆಕ್ಸೈಡ್ ನೆಲ ಬೆವರುತ್ತದೆ. ಅದರ ಮೇಲೆ ಕಾರ್ಪೆಟ್ ಹಾಸಿ ಬಿಟ್ಟರೆ ಕೆಲವೇ ವಾರಗಳಲ್ಲಿ ಅಡಿಯಲ್ಲಿ ಬೂಷ್ಟು. ನಮಾಜಿನ ಸಜ್ದಾಕ್ಕೆ ಬಾಗಿ ನೆಲಕ್ಕೆ ಹಣೆ ಇಟ್ಟವರ ಮೂಗಿಗೆ ನೇರವಾಗಿ ಬಡಿಯುವುದು ಅದೇ ವಾಸನೆ. ಹಾಗಾಗಿ ನೆಲದ ಮೇಲೆ 3 ಇಂಚು ಎತ್ತರದ ಮರದ ರೀಪುಗಳನ್ನು ಒಂದೂವರೆ ಅಡಿಗೊಂದರಂತೆ ಕೂರಿಸಿ, ಮೇಲೆ ಒಂದಿಂಚು ದಪ್ಪದ ಸಿಲ್ವರ್ ಓಕ್ ಹಲಗೆ ಹೊಡೆದೆವು. ಗೆದ್ದಲಿನ ಔಷಧಿ ಬಳಿಯದೆ ಸಿಲ್ವರ್ ಓಕ್ ಹಾಕಬೇಡಿ. ಎರಡೂ ಬದಿಯ ಗೋಡೆಯ ಬುಡದಲ್ಲಿ ಗಾಳಿಕಿಂಡಿ ಬಿಟ್ಟು, ಇಲಿ ನುಗ್ಗದಂತೆ ಜಾಲರಿ ಹಾಕಿದೆವು. ಎಡವಿದ್ದು ಒಂದು ಕಡೆ: ಏಪ್ರಿಲ್‌ನಲ್ಲಿ ಹಲಗೆಗಳನ್ನು ಒತ್ತೊತ್ತಾಗಿ ಹೊಡೆದಿದ್ದೆವು. ಜುಲೈನಲ್ಲಿ ಮರ ಉಬ್ಬಿ ನಡುವೆ ಗೂನು ಎದ್ದಿತು. ಎಲ್ಲ ಕಿತ್ತು, ಹಲಗೆ ಹಲಗೆಯ ನಡುವೆ 3 ಮಿಲಿಮೀಟರ್, ಗೋಡೆಯ ಹತ್ತಿರ ಅರ್ಧ ಇಂಚು ಸಂದು ಬಿಟ್ಟು ಮತ್ತೆ ಹೊಡೆಯಬೇಕಾಯಿತು. ಈಗ ಮೇಲೆ ಹತ್ತಿಯ ಜಮಖಾನ ಮಾತ್ರ. ಕೂತೆದ್ದ ಮೇಲೆ ಅದನ್ನು ಸುತ್ತಿ, ಒಲೆಯ ಕೋಣೆಯ ಅಟ್ಟಕ್ಕೆ ಏರಿಸುತ್ತೇವೆ.

ಮಾಡಿಗೆ ಮೊದಲು ತಗಡಿನ ಶೀಟ್ ಇತ್ತು. ಆಟಿ ತಿಂಗಳ ಜಡಿಮಳೆ ಅದರ ಮೇಲೆ ಬಿದ್ದರೆ ಪಕ್ಕದವರ ಮಾತೂ ಕೇಳದು. ಹಂಚು ಹೊದಿಸಿ, ಕೆಳಗೆ ಹಲಗೆಯ ಸೀಲಿಂಗ್ ಕೊಟ್ಟ ಮೇಲೆ ಮಳೆಯ ಸದ್ದು ಧ್ಯಾನಕ್ಕೆ ಒದಗುವಷ್ಟಕ್ಕೆ ಇಳಿಯಿತು.

ಇನ್ನು ದಿಕ್ಕು. ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ಕಾಬಾದ ದಿಕ್ಕು, ಕೊಡಗಿನಿಂದ ನೇರ ಪಶ್ಚಿಮವಲ್ಲ. ಪಶ್ಚಿಮದಿಂದ ಉತ್ತರಕ್ಕೆ ಸುಮಾರು 20 ಡಿಗ್ರಿ ವಾಲುತ್ತದೆ. ಕಬ್ಬಿಣದ ಸರಳು, ತಗಡು ಇರುವ ಕಟ್ಟಡದೊಳಗೆ ಮೊಬೈಲಿನ ದಿಕ್ಸೂಚಿಯನ್ನು ನಂಬಬೇಡಿ. ಮೇ 27-28ರಂದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ ಸೂರ್ಯ ಕಾಬಾದ ನೆತ್ತಿಯ ಮೇಲಿರುತ್ತಾನೆ. ಆ ಹೊತ್ತಿಗೆ ಅಂಗಳದಲ್ಲಿ ಗಾರೆಯವರ ತೂಗುಗುಂಡು ಇಳಿಬಿಟ್ಟು, ನೆರಳಿನ ತುದಿಯಿಂದ ಬುಡದ ಕಡೆಗೆ ಗೆರೆ ಎಳೆದರೆ ಅದೇ ಕಿಬ್ಲಾ. ಜುಲೈ 15-16ರಂದೂ 2 ಗಂಟೆ 57ಕ್ಕೆ ಇದೇ ಅವಕಾಶ ಉಂಟು, ಆದರೆ ಜುಲೈನಲ್ಲಿ ಇಲ್ಲಿ ಸೂರ್ಯನನ್ನು ನೋಡಿದವರು ಯಾರು! ಆ ಗೆರೆಯನ್ನು ಒಳಗೆ ತಂದು, ಹಲಗೆಯಲ್ಲಿ 4 ಅಡಿ ಉದ್ದದ ಹಿತ್ತಾಳೆ ಪಟ್ಟಿ ಕೂರಿಸಿದೆವು. ನಮಾಜು ಮಾಡುವವರಿಗೆ ಬೇಕಾದ್ದು ಅಷ್ಟೇ. ಸಾಲು ಗೋಡೆಗೆ ಓರೆಯಾಗುತ್ತದೆ, ಆಗಲಿ.

ಉಳಿದವರು ಯಾವ ಕಡೆ ಮುಖ ಮಾಡಬೇಕು? ವೃತ್ತದಲ್ಲಿ ಕೂತರೆ ಈ ಪ್ರಶ್ನೆಯೇ ಏಳುವುದಿಲ್ಲ. ಒಬ್ಬರಿಗೆ 2 ಅಡಿ ಲೆಕ್ಕ. 5 ಅಡಿ ತ್ರಿಜ್ಯದ ಒಳಸುತ್ತಿಗೆ 15 ಜನ, 8 ಅಡಿಯ ಹೊರಸುತ್ತಿಗೆ 25 ಜನ. ಬಾಗಿಲ ಬಳಿ ಇಬ್ಬರ ಜಾಗ ಖಾಲಿ ಬಿಡಿ, ಹಾಗೆಯೇ ಮಂಡಿ ನೋವಿನವರಿಗೆ ನಾಲ್ಕು ಮಣೆ.

ಗೋಡೆಗಳಿಗೆ ಸುಣ್ಣ ಮಾತ್ರ. ಚಿಹ್ನೆಗಳ ಸಾಲು ಬರೆಸಿದರೆ ಯಾರದು ಮೊದಲು, ಯಾರದು ದೊಡ್ಡದು, ಯಾರದು ಬಿಟ್ಟುಹೋಯಿತು ಎಂಬ ಲೆಕ್ಕ ಶುರುವಾಗುತ್ತದೆ. ಸೂಫಿ ಗುರು ಹಜರತ್ ಇನಾಯತ್ ಖಾನ್ 1921ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ ಸರ್ವಧರ್ಮ ಆರಾಧನೆಯಲ್ಲಿ ನಡುವಿನ ಒಂದು ಮೋಂಬತ್ತಿಯಿಂದ ಒಂದೊಂದು ಧರ್ಮದ ಹೆಸರಿನಲ್ಲಿ ಮೋಂಬತ್ತಿ ಹಚ್ಚಿ, ಆಯಾ ಗ್ರಂಥದಿಂದ ಓದುತ್ತಾರೆ. ಇದನ್ನು ತಿಂಗಳಿಗೊಮ್ಮೆ ಇಟ್ಟುಕೊಂಡಿದ್ದೇವೆ. ಗ್ರಂಥಗಳು ಒಂದೇ ಎತ್ತರದ ಹಲಗೆಯ ಮೇಲೆ ಅಕ್ಕಪಕ್ಕ. ಒಂದರ ಮೇಲೊಂದು ಪೇರಿಸುವಂತಿಲ್ಲ, ನೆಲಕ್ಕಂತೂ ಇಡುವಂತೆಯೇ ಇಲ್ಲ. ಕುರಾನಿಗೆ ರೆಹಲ್, ಅಂದರೆ ಮಡಚುವ ಮರದ ಪುಸ್ತಕಪೀಠ ಬೇಕು. ಬೈಲಕುಪ್ಪೆಯ ಟಿಬೆಟನ್ನರೂ ತಮ್ಮ ಗ್ರಂಥವನ್ನು ನೆಲಕ್ಕೆ ಇಡುವವರಲ್ಲ. ಪುಸ್ತಕದ ಬೀರುವಿನೊಳಗೆ ಮಳೆಗಾಲವಿಡೀ ಹಳೇ ಕಾಲದ 15 ವ್ಯಾಟಿನ ಬಲ್ಬು ಉರಿಯಲಿ. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ.

ಎಲ್ಲರನ್ನೂ ಕರೆಯುವ ಭರದಲ್ಲಿ ಸೂಫಿ ಬೇರನ್ನು ಮುಚ್ಚಿಡುವುದು ನನಗೆ ಸರಿಕಾಣುವುದಿಲ್ಲ. ಜಿಕ್ರ್ ಎಂದರೆ ಅಲ್ಲಾಹನ ಸ್ಮರಣೆ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಜಿಕ್ರ್ ಹೇಳಲು ಮನಸ್ಸಿಲ್ಲದವರು ಉಸಿರು ಗಮನಿಸುತ್ತ ಸುಮ್ಮನೆ ಕೂರಬಹುದು. ಸೂಫಿ ಪರಂಪರೆಗಳಲ್ಲಿ ಚಿಶ್ತಿಯರದು ದನಿಯೆತ್ತಿ ಮಾಡುವ ಜಿಕ್ರ್, ನಕ್ಷಬಂದಿಯರದು ಮನಸ್ಸಿನೊಳಗೆ. ಹತ್ತು ನಿಮಿಷ ಮೌನ, ಇಪ್ಪತ್ತು ನಿಮಿಷ ಜಿಕ್ರ್, ಮತ್ತೆ ಇಪ್ಪತ್ತು ನಿಮಿಷ ಮುರಾಕಬಾ, ಅಂದರೆ ಸೂಫಿ ಧ್ಯಾನ. ಹೊಸಬರಿಗೆ ಇದಕ್ಕಿಂತ ಹೆಚ್ಚು ಬೇಡ. ಜೋರಾಗಿ ಉಸಿರೆಳೆದು ತಲೆ ಸುತ್ತುವುದುಂಟು. ಮೈಕು ಇಲ್ಲ.

ಜಿಕ್ರ್‌ಗೆ ಬಾರಿಸುವ ಚಪ್ಪಟೆ ಚರ್ಮವಾದ್ಯ ದಫ್‌ಗೆ ಆಡಿನ ಚರ್ಮವಾದರೆ ಮಳೆಗಾಲದಲ್ಲಿ ಸಡಿಲಗೊಂಡು ನೆನೆದ ಹಪ್ಪಳದಂತಾಗುತ್ತದೆ. ಬಾರಿಸುವ ಮುನ್ನ ಒಲೆಯಿಂದ ಒಂದು ಮೊಳ ದೂರ ಹಿಡಿದು, ಬೆರಳಿನಿಂದ ತಟ್ಟುತ್ತ ಕಾಯಿಸಬೇಕು. ಧೂಪಕ್ಕೆ ಹಾಕುವ ಲೋಬಾನದ ಕೆಂಡವನ್ನು ಕೋಣೆಯೊಳಗೆ ತರಬೇಡಿ. ಚಳಿಗೆ ಕಿಟಕಿ ಮುಚ್ಚಿರುತ್ತೀರಿ, ಇದ್ದಿಲಿನ ವಿಷಗಾಳಿಗೆ ವಾಸನೆ ಇಲ್ಲ. ನಮ್ಮದು ಜಗಲಿಯಲ್ಲೇ ಹೊಗೆಯಾಡುತ್ತದೆ.

ಕೃಷಿ ಜಮೀನಾದರೆ ಭೂ ಪರಿವರ್ತನೆ ಮುಗಿಸಿಕೊಂಡೇ ಕೈಹಾಕಿ. ಟ್ರಸ್ಟ್ ಪತ್ರದಲ್ಲಿ ಎರಡು ಸಾಲು ಸೇರಿಸಿದ್ದೇವೆ: ಇಲ್ಲಿ ಸಮಾಧಿ ಇಲ್ಲ, ಹುಂಡಿ ಇಲ್ಲ. ಹರಕೆ ಹೊತ್ತವರಿಗೆ ಎಮ್ಮೆಮಾಡಿನ ದರ್ಗಾ ಇದ್ದೇ ಇದೆ, ಅಲ್ಲಿಗೆ ಎಲ್ಲ ಜಾತಿಯವರೂ ಹೋಗುತ್ತಾರೆ. ಊಟ ಸಸ್ಯಾಹಾರ: ಅಕ್ಕಿತರಿಯ ಉಂಡೆ ಕಡಂಬುಟ್ಟು, ಕುಂಬಳಕಾಯಿ ಸಾರು. ಪಾತ್ರೆಗಳು ಇಲ್ಲಿಯವೇ, ಹೊರಗಿನಿಂದ ಬಂದ ಪಾತ್ರೆಯಲ್ಲಿ ಮೊದಲು ಏನು ಬೆಂದಿತ್ತು ಎಂದು ಯಾರೂ ಕೇಳುವಂತಾಗಬಾರದು.

ಸಂಜೆ ಐದೂವರೆಗೆ ಮುಗಿಸುತ್ತೇವೆ. ಹಲಸು ಹಣ್ಣಾಗುವ ದಿನಗಳಲ್ಲಿ ಇನ್ನೂ ಬೇಗ, ಕತ್ತಲಾದರೆ ತೋಟದ ದಾರಿ ಆನೆಯದು. ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆದು ವುಜೂ ಮಾಡುವ ನಲ್ಲಿಯ ಪಕ್ಕದಲ್ಲೇ ಕಾಲು ಒರೆಸಲು ಗೋಣಿತಾಟು ಹಾಗೂ ಒಂದು ಕರಟದಲ್ಲಿ ಕಲ್ಲುಪ್ಪು ಇಟ್ಟಿರಿ. ಜಿಗಣೆಯನ್ನು ಅಲ್ಲೇ ಉದುರಿಸಿ ಬಂದರೆ ಸರಿ. ಜಮಖಾನದ ಮೇಲೆ ರಕ್ತದ ಕಲೆ ಬಿದ್ದರೆ ತಣ್ಣೀರಿನಲ್ಲೇ ತೊಳೆಯಿರಿ, ಬಿಸಿನೀರಿಗೆ ಕಲೆ ಕಚ್ಚಿಕೊಳ್ಳುತ್ತದೆ.